ಏನೂ ಇಲ್ಲದ ಕಡೆ ನೋಡುವ ಕನ್ನಡಕ

ಮ್ಯೂನಿಕ್‌ನ ಯು6 ರೈಲು ಊರ ನಡುವೆ ಇರುವಷ್ಟು ಹೊತ್ತೂ ನೆಲದಡಿಯಲ್ಲೇ ಓಡುತ್ತದೆ. ಉತ್ತರಕ್ಕೆ ಸಾಗಿದಂತೆ ತಟಕ್ಕನೆ ಬಿಸಿಲಿಗೆ ಬಂದು ಬೀಳುತ್ತದೆ. ಫ್ರೋಟ್‌ಮಾನಿಂಗ್ ಬಂದಾಗ ಬೋಗಿ ಅರ್ಧ ಖಾಲಿ, ಅಲಿಯಾನ್ಸ್ ಅರೇನಾ ಫುಟ್‌ಬಾಲ್ ಮೈದಾನ ನೋಡುವವರೆಲ್ಲ ಅಲ್ಲೇ ಇಳಿದುಬಿಡುತ್ತಾರೆ. ನಾನು ಇಳಿದದ್ದು ಅದರ ಮುಂದಿನ ನಿಲ್ದಾಣ, ಗಾರ್ಶಿಂಗ್-ಹೋಖ್‌ಬ್ರ್ಯೂಕ್. 1972ರ ಒಲಿಂಪಿಕ್ಸ್‌ಗೆಂದು ಕಟ್ಟಿದ ಶೂಟಿಂಗ್ ರೇಂಜ್ ಇರುವುದು ಅಲ್ಲಿ. ಮಗಳ ಮನೆಗೆಂದು ಜರ್ಮನಿಗೆ ಹೋದವನಿಗೆ ಅರಮನೆ, ಚರ್ಚುಗಳಿಗಿಂತ ಇದರ ಮೇಲೇ ಕಣ್ಣು.

ಕಣ್ಣು ಎಂದೆನಲ್ಲ, ತಾಪತ್ರಯವೂ ಅದರದ್ದೇ. ಕೊಡಗಿನವನಾದ್ದರಿಂದ ಕೈಲ್ ಮುಹೂರ್ತದ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವನು ನಾನು. ಬೆಂಗಳೂರಿಗೆ ಬಂದ ಮೇಲೆ ಹತ್ತು ಮೀಟರಿನ ಏರ್ ಪಿಸ್ತೂಲಿನ ಹುಚ್ಚು ಹಿಡಿಯಿತು. ಆಮೇಲೆ ಚಾಳೀಸು ಬಂತು. ದೂರದ ಕನ್ನಡಕ ಹಾಕಿದರೆ ಗುರಿ ಹಿಡಿಯಲು ಪಿಸ್ತೂಲಿನ ತುದಿಯಲ್ಲಿರುವ ಮುಂದಿನ ಸೈಟು ಕಲಸಿಹೋಗುತ್ತದೆ, ಓದುವ ಕನ್ನಡಕ ಹಾಕಿದರೆ ಟಾರ್ಗೆಟ್ಟೇ ಮಾಯ. ಎರಡೂ ಒಟ್ಟಿಗಿರುವ ಬೈಫೋಕಲ್‌ನಲ್ಲಿ ಕತ್ತು ಕುಣಿಸುವುದೇ ಕೆಲಸ.

ರೇಂಜಿನ ಹಾಲ್‌ನಲ್ಲಿ ಅಭ್ಯಾಸ ನಡೆದಿತ್ತು. ಸಾಲಾಗಿ ನಿಂತ ಶೂಟರ್‌ಗಳ ಮುಖದ ಮೇಲಿದ್ದುದನ್ನು ಕನ್ನಡಕ ಎನ್ನಲು ಧೈರ್ಯ ಸಾಲದು. ಹಣೆಯ ಮುಂದೆ ಅಡ್ಡಲಾಗಿ ಒಂದು ಲೋಹದ ಕಡ್ಡಿ, ಅದರಿಂದ ಇಳಿಬಿಟ್ಟ ಒಂದೇ ಒಂದು ದುಂಡನೆ ಗಾಜು, ಇನ್ನೊಂದು ಕಣ್ಣಿನ ಮುಂದೆ ಹಾಲುಬಣ್ಣದ ಪುಟ್ಟ ಪಟ್ಟಿ. ಗಡಿಯಾರ ರಿಪೇರಿಯವರು ಸಾಲುಗಟ್ಟಿ ನಿಂತ ಹಾಗೆ. ಆ ಪಟ್ಟಿ 30 ಮಿಲಿಮೀಟರಿಗಿಂತ ಅಗಲ ಇರಬಾರದೆಂದು ಅಂತರರಾಷ್ಟ್ರೀಯ ನಿಯಮವೇ ಇದೆ. ಅದು ಕಪ್ಪಗಿರದೆ ಬೆಳ್ಳಗೆ ಯಾಕಿರುತ್ತದೆಂಬುದು ಗೊತ್ತಾದಾಗ ಬೆರಗಾದೆ. ನಮ್ಮ ಎರಡೂ ಕಣ್ಣಿನ ಪಾಪೆಗಳು ಜೊತೆಯಾಗಿಯೇ ಹಿಗ್ಗಿ ಕುಗ್ಗುತ್ತವೆ. ಒಂದನ್ನು ಕತ್ತಲಲ್ಲಿ ಮುಚ್ಚಿಟ್ಟರೆ ಗುರಿಯಿಡುವ ಕಣ್ಣಿನ ಪಾಪೆಯೂ ಹಿಗ್ಗುತ್ತದೆ. ಪಾಪೆ ಹಿಗ್ಗಿದಷ್ಟೂ ಮಬ್ಬು ಹೆಚ್ಚು.

ನನಗೂ ಅಂಥದ್ದೊಂದು ಬೇಕೆನಿಸಿತು. ಮಗಳು ವಿಚಾರಿಸಿ ಕರೆದೊಯ್ದದ್ದು ಊರೊಳಗಿನ ಒಂದು ಕನ್ನಡಕದಂಗಡಿಗೆ. ಅಂಗಡಿಯವರೂ ಶೂಟರೇ. ಆ ದೇಶದಲ್ಲಿ ಇದು ಅಪರೂಪವಲ್ಲ. ಹಳ್ಳಿ ಹಳ್ಳಿಗೂ ಒಂದು ಶೂಟಿಂಗ್ ಸಂಘ, ಅವುಗಳ ಒಕ್ಕೂಟ ಹುಟ್ಟಿದ್ದು 1861ರಲ್ಲಿ. ಬಿಯರ್‌ಗೆ ಹೆಸರಾದ ಅಕ್ಟೋಬರ್‌ಫೆಸ್ಟ್‌ನಲ್ಲೂ ಶೂಟರ್‌ಗಳ ಮೆರವಣಿಗೆ ಇದೆ, ಸ್ಪರ್ಧೆಯೂ ಇದೆ.

ಅವರು ಮೊದಲು ಅಕ್ಷರದ ಬೋರ್ಡು ಓದಿಸಿ ದೂರದ ಪವರ್ ಬರೆದುಕೊಂಡರು. ಆಮೇಲೆ ಗುಂಡು ಹಾರದ ಪಿಸ್ತೂಲೊಂದನ್ನು ನನ್ನ ಕೈಗಿಟ್ಟು, ಗೋಡೆಯ ಮೇಲಿನ ಕಪ್ಪು ಬೊಟ್ಟಿಗೆ ಗುರಿಯಿಡಲು ಹೇಳಿದರು. ಟೇಪು ಹಿಡಿದು ಕಣ್ಣಿನಿಂದ ಮುಂದಿನ ಸೈಟಿನವರೆಗೆ ಅಳೆದರು. ಸುಮಾರು ಒಂದು ಮೀಟರ್. ಹಾಗಾದರೆ ದೂರದ ಪವರ್ ಮೇಲೆ, ಒಂದು ಮೀಟರಿಗೆ ಸರಿಯಾಗಿ ಕೂರುವ +1.00 ಹಾಕಿಬಿಡಬಹುದಲ್ಲ? ಹಾಕಿ ತೋರಿಸಿದರು. ಸೈಟು ಬ್ಲೇಡಿನ ಅಂಚಿನಷ್ಟು ಚೂಪಾಯಿತು, ಕಪ್ಪು ಬೊಟ್ಟು ಬೂದಿಯಂತೆ ಕದಡಿತು. ತೆಗೆದು +0.25 ಹಾಕಿದರು, ಬೊಟ್ಟು ಚೆನ್ನಾಗಿತ್ತು, ಸೈಟಿನ ಅಂಚಿಗೆ ನೂಲು ಬಿಟ್ಟಂತಿತ್ತು. ಕೊನೆಗೆ +0.50. ಸೈಟು ನಿಚ್ಚಳ, ಬೊಟ್ಟು ತುಸು ಮಬ್ಬು, ಆದರೆ ದುಂಡಗೆ ಅಲ್ಲೇ ಇದೆ.

“ಈಗ ನಿಮ್ಮ ಕಣ್ಣು ನೋಡುತ್ತಿರುವುದು ಎರಡು ಮೀಟರ್ ದೂರಕ್ಕೆ” ಎಂದರು ಅವರು.

ಎರಡು ಮೀಟರ್ ದೂರದಲ್ಲಿ ಏನಿದೆ? ಏನೂ ಇಲ್ಲ! ಸೈಟು ಅದಕ್ಕಿಂತ ಹತ್ತಿರ, ಟಾರ್ಗೆಟ್ ಎಷ್ಟೋ ಆಚೆ. ನಡುವಿನ ಬರಿಗಾಳಿಗೆ ಫೋಕಸ್ ಇಟ್ಟರೆ ಅದರ ಸ್ಪಷ್ಟತೆ ಎರಡೂ ಕಡೆ ಹಂಚಿಹೋಗಿ, ಇತ್ತ ಸೈಟಿಗೂ ಅತ್ತ ಬೊಟ್ಟಿಗೂ ಸಾಕಾಗುವಷ್ಟು ಸಿಗುತ್ತದೆ. ಹೆಚ್ಚಿನ ಪಾಲು ಸೈಟಿಗೆ ಬೇಕು, ಯಾಕೆಂದರೆ ಸೈಟು ಕೂದಲೆಳೆಯಷ್ಟು ಓರೆಯಾದರೂ ಹತ್ತು ಮೀಟರ್ ಆಚೆ ಗುಂಡು ಎಲ್ಲೋ ಹೋಗುತ್ತದೆ. ಬೊಟ್ಟಿನ ಅಗಲ 59.5 ಮಿಲಿಮೀಟರ್, ಅದರೊಳಗಿನ ಹತ್ತು ಅಂಕದ ವೃತ್ತ 11.5. ಆ ವೃತ್ತ ಅಷ್ಟು ದೂರದಿಂದ ಯಾರ ಕಣ್ಣಿಗೂ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಹಕ್ಕಿಯ ಕಣ್ಣು ಬಿಟ್ಟು ಬೇರೇನೂ ಕಾಣುತ್ತಿಲ್ಲವೆಂದು ಇಲ್ಲಿ ಹೇಳಿದರೆ ದ್ರೋಣರು ಹಿಂದಿನ ಬೆಂಚಿಗೆ ಕಳಿಸಿಯಾರು.

ಅಲ್ಲಿಂದ ಮುಂದೆ ಅವರ ಕೈಚಳಕ. 37 ಮಿಲಿಮೀಟರಿನ ಗಾಜನ್ನು ಕಡ್ಡಿಯ ಬಳೆಗೆ ಕೂರಿಸಿ, ಅಡ್ಡ, ಮೇಲೆ, ಕೆಳಗೆ ಸರಿಸುತ್ತ, ಬಾಗಿಸುತ್ತ ಹೋದರು. ಪಿಸ್ತೂಲು ಹಿಡಿದಾಗ ನಾವು ಭುಜದ ಮೇಲಿಂದ ತಿರುಗಿ, ಮೂಗಿನ ಬದಿಯಿಂದ ನೋಡುತ್ತೇವೆ. ಮಾಮೂಲಿ ಕನ್ನಡಕದಲ್ಲಿ ನೋಟ ಗಾಜಿನ ಮೂಲೆಯಿಂದ ಓರೆಯಾಗಿ ಹೋಗುವುದರಿಂದ ಸರಿಯಾದ ಪವರ್ ಕೂಡ ಸುಳ್ಳಾಗುತ್ತದೆ. ಗಾಜಿನ ನಟ್ಟನಡುವೆ, ಅದಕ್ಕೆ ನೇರವಾಗಿ ನೋಟ ಹಾಯಬೇಕು, ಅಷ್ಟಕ್ಕೇ ಈ ಕಡ್ಡಿ, ತಿರುಪುಗಳ ಗೋಜು. ಮೇಲೆ ಕ್ಯಾಮೆರಾದಲ್ಲಿರುವಂಥ ಐರಿಸ್ ಒಂದನ್ನು ಸಿಕ್ಕಿಸಿದರು. ಅದರ ತೂತು ಕಿರಿದಾಗುತ್ತ ಹೋದಂತೆ ಸೈಟೂ ಬೊಟ್ಟೂ ಒಟ್ಟಿಗೆ ತಿಳಿಯಾದವು. ಇನ್ನೂ ಕಿರಿದು ಮಾಡಿದೆ, ಲೋಕವೇ ಮುಸ್ಸಂಜೆಯಾಯಿತು.

ಇಷ್ಟೆಲ್ಲ ಬೇಕೇ ಎಂದು ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆ. 2024ರ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಮನೆಯ ಕನ್ನಡಕದಲ್ಲೇ ಬಂದು, ಜೇಬಿಗೆ ಕೈ ಹಾಕಿ ನಿಂತು, ಮಿಶ್ರ ತಂಡದ ಬೆಳ್ಳಿ ಗೆದ್ದರು. ನಮ್ಮ ಮನು ಭಾಕರ್, ಸರಬ್ಜೋತ್ ಸಿಂಗ್ ಕಂಚು ಗೆದ್ದದ್ದು ಅದೇ ಸ್ಪರ್ಧೆಯಲ್ಲಿ. ಡಿಕೆಚ್ ಡಿಕೆಚ್ಚೇ, ನಾನು ನಾನೇ ಎಂದು ದುಡ್ಡು ಕೊಟ್ಟೆ.

ವಿರಾಜಪೇಟೆಯಲ್ಲಿರುವ ಅಣ್ಣನ ಮಗ ರೈಫಲ್ ಶೂಟರ್. ಅವನಿಗೂ ಒಂದು ಒಯ್ಯೋಣವೆಂದರೆ ಅಂಗಡಿಯವರು ಒಪ್ಪಲಿಲ್ಲ. ಪವರ್ ಚೀಟಿ ಇದ್ದರೆ ಸಾಲದು, ಕೆನ್ನೆ ಊರಿದಾಗ ತಲೆ ಎಷ್ಟು ಬಾಗುತ್ತದೆ, ಕಣ್ಣು ಯಾವ ಮೂಲೆಯಿಂದ ನೋಡುತ್ತದೆ ಎಂಬುದನ್ನು ನೋಡಬೇಕಂತೆ. ವಿಡಿಯೊ ಕರೆ ಮಾಡಿದೆವು. ಅವನ ರೈಫಲ್ ಕ್ಲಬ್ಬಿನಲ್ಲಿತ್ತು, ಹೊರಗೆ ಮಳೆ. “ಚಿಕ್ಕಪ್ಪ, ಕೊಡೆ ಆದೀತಾ?” ಎಂದ. ಜಗುಲಿಯ ಮೇಲೆ ಬೋರಲು ಮಲಗಿ, ಮಡಿಸಿದ ಕೊಡೆಗೆ ಕೆನ್ನೆ ಒತ್ತಿ ಗುರಿಯಿಟ್ಟ. ಅಂಗಡಿಯವರು ನಗಲಿಲ್ಲ. ಫೋನಿನ ಹತ್ತಿರ ಮುಖ ತಂದು ನೋಡಿ, ನನ್ನದಕ್ಕಿಂತ ಎತ್ತರದ ಮೂಗಿನ ಪಟ್ಟಿಯೊಂದನ್ನು ಡ್ರಾಯರಿನಿಂದ ಆರಿಸಿ ತೆಗೆದು, “ಗದ್ದ ಸ್ವಲ್ಪ ಇಳಿಸಲು ಹೇಳಿ” ಎಂದರು.