ಐಕ್ಯದ ಚರಿತ್ರೆ ಮತ್ತು ಹಂಚಿಹೋದ ಆಕರಗಳು

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕಥೀಡ್ರಲಿನಲ್ಲಿ ದಕ್ಷಿಣ ಭಾರತ ಸಭೆಯು ಅಸ್ತಿತ್ವಕ್ಕೆ ಬಂದಿತು. ಬಿಷಪ್ಪರ ಪರಂಪರೆಯನ್ನು ಸಭೆಯ ಜೀವಾಳವೆಂದು ಭಾವಿಸಿದ್ದ ಆಂಗ್ಲಿಕನ್ನರು, ಅಂತಹ ಅಧಿಕಾರವನ್ನೇ ನಿರಾಕರಿಸಿ ಬೆಳೆದ ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಸಭೆಗಳು, ಹಾಗೂ ಮೆಥಡಿಸ್ಟರು ಅಂದು ಒಂದಾದರು. ಈ ಚಳವಳಿಯ ಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲು ಎದುರಾಗುವುದು ಒಂದು ವಿಪರ್ಯಾಸ. ಪಂಗಡಗಳನ್ನು ಮೀರಿದ ಚಳವಳಿಯ ದಾಖಲೆಗಳೆಲ್ಲ ಪಂಗಡವಾರು ಹಂಚಿಹೋಗಿವೆ. ಲಂಡನ್ ಮಿಷನ್ ಮತ್ತು ವೆಸ್ಲಿಯನ್ ಮಿಷನ್ನಿನ ಕಡತಗಳು ಲಂಡನ್ನಿನಲ್ಲಿ, ಚರ್ಚ್ ಮಿಷನರಿ ಸೊಸೈಟಿಯವು ಬರ್ಮಿಂಗ್‌ಹ್ಯಾಮಿನಲ್ಲಿ, ಬಾಸೆಲ್ ಮಿಷನ್ನಿನವು ಬಾಸೆಲ್ ನಗರದಲ್ಲಿ ಇವೆ. ಪ್ರತಿಯೊಂದು ಭಂಡಾರವೂ ತನ್ನ ಮನೆಯ ಕಥೆಯನ್ನು ಹೇಳುತ್ತದೆ. ಮನೆಗಳ ನಡುವಣ ಓಣಿಯ ಕಥೆ ಯಾವುದರಲ್ಲಿಯೂ ಪೂರ್ತಿಯಾಗಿ ದೊರೆಯುವುದಿಲ್ಲ.

ದೊರೆಯುವುದೆಲ್ಲ ಬಹುಮಟ್ಟಿಗೆ ಸಂಧಾನದ ಕಥನ. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ 33 ಮಂದಿ ಸೇರಿ ಹೊರಡಿಸಿದ ಹೇಳಿಕೆಯಿಂದ ಅದು ಆರಂಭವಾಗುತ್ತದೆ. ಅವರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಭಾರತೀಯರು. ಮುಂದಾಳುಗಳಲ್ಲಿ ಪ್ರಮುಖರು ದೋರ್ಣಕಲ್ಲಿನ ಬಿಷಪ್ ವಿ. ಎಸ್. ಅಜರಯ್ಯ. ತಮ್ಮನ್ನು ಬೇರ್ಪಡಿಸಿರುವ ಭೇದಗಳನ್ನು ತಾವು ಮಾಡಿಕೊಂಡಿಲ್ಲ, ಅವು ಹೊರಗಿನಿಂದ ಬಂದು ತಮ್ಮ ಮೇಲೆ ಕುಳಿತವು ಎಂಬುದು ಅವರ ಅಳಲಿನ ತಿರುಳು. ಜರ್ಮನಿಯ ಲೂಥರನ್ ಪಾದ್ರಿಗಳು 1706ರಲ್ಲಿ ಬಂದಿಳಿದ ಊರಿನಲ್ಲಿಯೇ ಈ ಕರೆ ಹೊರಟಿತು. ಆದರೂ 1947ರ ಐಕ್ಯದಲ್ಲಿ ಲೂಥರನ್ ಸಭೆಗಳು ಸೇರಲಿಲ್ಲ. ಮುಂದಿನ 28 ವರ್ಷಗಳ ಕಾಗದಪತ್ರಗಳು ಬಹುತೇಕ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತವೆ: ಬಿಷಪ್ಪರ ಹಸ್ತದಿಂದ ದೀಕ್ಷೆ ಪಡೆಯದ ಪಾದ್ರಿಗಳಿಗೆ ಮತ್ತೊಮ್ಮೆ ದೀಕ್ಷೆ ಬೇಕೆ? ಬೇಡವೆಂದು, ಆದರೆ ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರಿಂದಲೇ ನಡೆಯತಕ್ಕದ್ದೆಂದು ತೀರ್ಮಾನವಾಯಿತು. 1943ರಲ್ಲಿ ಮೆಥಡಿಸ್ಟರು, 1945ರಲ್ಲಿ ಆಂಗ್ಲಿಕನ್ನರು, 1946ರಲ್ಲಿ ದಕ್ಷಿಣ ಭಾರತ ಐಕ್ಯ ಸಭೆಯವರು ಒಪ್ಪಿಗೆ ಕೊಟ್ಟರು. 1945ರ ಜನವರಿ 1ರಂದು ತೀರಿಕೊಂಡ ಅಜರಯ್ಯನವರು ಈ ಫಲವನ್ನು ಕಾಣಲಿಲ್ಲ. ಸ್ವೀಡನ್ನಿನ ಬೆಂಗ್ಟ್ ಸಂಡ್‌ಕ್ಲರ್ 1954ರಲ್ಲಿ ಪ್ರಕಟಿಸಿದ ಗ್ರಂಥವು ಈ ಸಂಧಾನದ ವಿವರಗಳನ್ನು ಶ್ರಮವಹಿಸಿ ಜೋಡಿಸಿಕೊಟ್ಟಿದೆ.

ಆದರೆ ದೀಕ್ಷೆಯ ಪ್ರಶ್ನೆ ಪಾದ್ರಿಗಳದು. ಸಾಮಾನ್ಯ ಸಭಿಕನ ಪ್ರಶ್ನೆ ಬೇರೆಯೇ ಆಗಿದ್ದಿರಬೇಕು. ಕನ್ನಡ ನಾಡಿನ ಸಂದರ್ಭವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಇಲ್ಲಿ ಮಿಷನ್ನುಗಳು ಒಬ್ಬರ ಸೀಮೆಯೊಳಗೆ ಮತ್ತೊಬ್ಬರು ಕಾಲಿಡದಂತೆ ಕ್ಷೇತ್ರಗಳನ್ನು ಬಹುಮಟ್ಟಿಗೆ ಹಂಚಿಕೊಂಡಿದ್ದವು. 1810ರಿಂದ ಬಳ್ಳಾರಿಯಲ್ಲಿ ಲಂಡನ್ ಮಿಷನ್, 1834ರಿಂದ ಮಂಗಳೂರಿನಲ್ಲಿ, ಬಳಿಕ ಧಾರವಾಡದ ಕಡೆ ಬಾಸೆಲ್ ಮಿಷನ್, ಮೈಸೂರು ಸಂಸ್ಥಾನದ ಬಹುಭಾಗದಲ್ಲಿ ವೆಸ್ಲಿಯನ್ ಮಿಷನ್ ನೆಲೆಯೂರಿದವು. ಹೀಗಾಗಿ ತುಮಕೂರಿನ ಕ್ರೈಸ್ತನೊಬ್ಬ ವೆಸ್ಲಿಯನ್ ಆದದ್ದು ಜಾನ್ ವೆಸ್ಲಿಯ ತತ್ತ್ವವನ್ನು ತೂಗಿನೋಡಿ ಅಲ್ಲ. ಅವನ ಊರು ಆ ಮಿಷನ್ನಿನ ಪಾಲಿಗೆ ಬಂದಿತ್ತು, ಅಷ್ಟೆ. ಪಂಗಡವೆಂಬುದು ಇಲ್ಲಿ ನಂಬಿಕೆಗಿಂತ ಹೆಚ್ಚಾಗಿ ಭೂಗೋಳವಾಗಿತ್ತು. ಅವನು ಕೆಲಸಕ್ಕಾಗಿ ಬೆಂಗಳೂರಿಗೋ ಕೋಲಾರದ ಚಿನ್ನದ ಗಣಿಗೋ ಹೋದಾಗ ಯಾವ ಸಭೆಯಲ್ಲಿ ಕುಳಿತನು, ಯಾರ ಕೈಯಿಂದ ಪ್ರಭುಭೋಜನ ತೆಗೆದುಕೊಂಡನು, ಮಗಳನ್ನು ಯಾವ ಸಭೆಯವರಿಗೆ ಕೊಟ್ಟನು? ಕನ್ನಡ ಬೈಬಲಿನಲ್ಲಿ ಬರುವ 'ಅನ್ಯೋನ್ಯತೆ' ಎಂಬ ಮಾತಿಗೆ ದಿನನಿತ್ಯದ ಅರ್ಥ ಒದಗಿದ್ದು ಇಂಥ ಕಡೆಗಳಲ್ಲಿ.

ಮೊದಲ ಮಹಾಯುದ್ಧದ ಕಾಲದಲ್ಲಿ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಬಂಧಿಸಿ ಹೊರಗೆ ಕಳುಹಿಸಿತು. ಹೆಂಚಿನ ಕಾರ್ಖಾನೆಗಳೂ ನೇಯ್ಗೆಯ ಕಾರ್ಖಾನೆಗಳೂ ಮಿಷನ್ನಿನ ಕೈತಪ್ಪಿದವು. ಪೋಷಕರನ್ನು ಕಳೆದುಕೊಂಡ ಸಭೆಗಳಿಗೆ ನೆರೆಯ ಪಂಗಡದವರ ನೆರವು ಧರ್ಮಶಾಸ್ತ್ರದ ವಿಷಯವಾಗಿರದೆ ಬದುಕಿನ ವಿಷಯವಾಯಿತು. ಐಕ್ಯದ ಹಂಬಲಕ್ಕೆ ಈ ಅನಾಥಸ್ಥಿತಿಯೂ ಒಂದು ಕಾರಣವೆಂದು ಎಣಿಸಬೇಕು. ಪಾದ್ರಿಗಳ ತರಬೇತಿಯಲ್ಲಿಯಂತೂ ಪಂಗಡಗಳ ಗೋಡೆ ಅದಕ್ಕೂ ಮೊದಲೇ ಬಿರುಕು ಬಿಟ್ಟಿತ್ತು: 1910ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಬೇರೆಬೇರೆ ಪಂಗಡಗಳ ವಿದ್ಯಾರ್ಥಿಗಳು ಒಟ್ಟಿಗೆ ಓದಿದರು. 1947ರಲ್ಲಿ ಮೈಸೂರಿಗೆ ಬಿಷಪ್ಪರಾದ ಪಿ. ಗುರುಶಾಂತ ಅವರು ಮೆಥಡಿಸ್ಟ್ ಹಿನ್ನೆಲೆಯವರು.

ಇದನ್ನು ತಿಳಿಸಬಲ್ಲ ಆಕರಗಳು ಯುರೋಪಿನ ಭಂಡಾರಗಳಿಗಿಂತ ಹೆಚ್ಚಾಗಿ ಹಳೆಯ ದೇವಾಲಯಗಳ ಬೀರುಗಳಲ್ಲಿವೆ. ದೀಕ್ಷಾಸ್ನಾನದ ಮತ್ತು ವಿವಾಹದ ದಾಖಲೆ ಪುಸ್ತಕಗಳು, ಒಂದು ಸಭೆಯಿಂದ ಮತ್ತೊಂದಕ್ಕೆ ಹೋಗುವವರಿಗೆ ಬರೆದುಕೊಟ್ಟ ಪತ್ರಗಳು, ಕನ್ನಡದಲ್ಲಿ ಬರೆದ ಪಂಚಾಯಿತಿ ನಡಾವಳಿಗಳು ಸಂಧಾನಕಾರರ ಮಾತಿಗೆ ಎದುರು ಸಾಕ್ಷ್ಯ ನುಡಿಯಬಲ್ಲವು. ವಿವಾಹದ ಪುಸ್ತಕವೊಂದರಲ್ಲಿ ವಧುವಿನ ಸಭೆ, ವರನ ಸಭೆ ಬೇರೆಬೇರೆಯಾಗಿ ನಮೂದಾಗಿದ್ದು ಅದರ ವರ್ಷ 1919ಕ್ಕಿಂತ ಹಿಂದಿನದಾಗಿದ್ದರೆ, ಸಂಶೋಧಕನು ಚಳವಳಿಯ ಆರಂಭವನ್ನೇ ಹಿಂದಕ್ಕೆ ಸರಿಸಬೇಕಾದೀತು. ಇಂತಹ ಪುಸ್ತಕಗಳನ್ನು ಊರೂರಿಗೆ ಹೋಗಿ ಪಟ್ಟಿಮಾಡುವ ಕೆಲಸಕ್ಕೆ ದೊಡ್ಡ ಹಣವೇನೂ ಬೇಡ. ಕ್ಯಾಮರಾ ಇರುವ ಒಬ್ಬ ವಿದ್ಯಾರ್ಥಿ, ಬೀರುವಿನ ಕೀಲಿ ಕೊಡಲು ಒಪ್ಪುವ ಒಬ್ಬ ಸಭಾಪಾಲಕರು ಸಾಕು. ಗೆದ್ದಲು ಮತ್ತು ಮಳೆಗಾಲದ ತೇವ ಮಾತ್ರ ಆ ಒಪ್ಪಿಗೆಗಾಗಿ ಕಾಯುತ್ತಿಲ್ಲ.