ಒಂದು ಹನಿ ಅಂದ್ರ ಎಷ್ಟು?

ಎರಡು ದಿನ ಫೋನ್ ಎತ್ತಲಿಲ್ಲ ಅಂತ ಸಿಟ್ಟಾದ ಅಕ್ಕಂದಿರಿಗೆ, ವೈನಿಯರಿಗೆ ಎಲ್ಲಾರಿಗೂ ಒಮ್ಮೆಲೆ ಇಲ್ಲೇ ಹೇಳಿಬಿಡತೇನಿ. ದೂರ ಎಲ್ಲೂ ಹೋಗಿರಲಿಲ್ಲ, ಬೆಳಗಾವ್ಯಾಗ ಇದ್ದೆ. ಶನಿವಾರ, ರವಿವಾರ ಎರಡೂ ದಿನ ಅರೋಮಾಥೆರಪಿ ಸಮ್ಮೇಳನಕ್ಕ ಹೋಗಿದ್ದೆ. ಹಂಗಂದ್ರ ಏನವಾ ಅಂತ ಬಾಜೂಮನಿ ಕಾಕು ಕೇಳಿದ್ರು. "ವಾಸನಿ ಎಣ್ಣಿಯಿಂದ ಉಪಚಾರ ಮಾಡೂದು ಕಾಕು" ಅಂದೆ. "ಅದಕ್ಕ ಸಮ್ಮೇಳನ ಯಾಕ ಬೇಕು? ನಮ್ಮ ಅತ್ತಿ ದಿನಾ ಮಾಡತಿದ್ರು" ಅಂದ್ರು. ಅವರ ಮಾತು ಪೂರಾ ಸುಳ್ಳಲ್ಲ, ಪೂರಾ ಖರೇನೂ ಅಲ್ಲ. ಎಲ್ಲಿ ಖರೆ, ಎಲ್ಲಿ ಅಲ್ಲ ಅನ್ನೂದನ್ನ ಬರೀಬೇಕಂತ ಕೂತೇನಿ.

ನಿಮಗ ಗೊತ್ತೈತಿ, ಹೆಣ್ಣಮಕ್ಕಳಿಗೆ ಬೆನ್ನು, ಕಾಲು ತಿಕ್ಕೋ ಕೆಲಸ ನಾ ಮೊದಲಿಂದ ಮಾಡತಿದ್ದೆ. ಹೋದ ವರ್ಷದಿಂದ ಈ ಎಣ್ಣಿಗಳ ಕೋರ್ಸಿಗೆ ಸೇರೇನಿ. ವಿದ್ಯಾರ್ಥಿಗಳು ಸಮ್ಮೇಳನಕ್ಕ ಬರಲೇಬೇಕು ಅಂತ ನಮ್ಮ ಮೇಡಂ ಗಂಟು ಬಿದ್ದಿದ್ರು. ಬೆಳಗಾವ್ಯಾಗ ಇಂಥಾ ಮಾತು ನಡಿಯೂದು ಹೊಸದೇನಲ್ಲ. ಶಹಾಪುರದಾಗ ಕೆಎಲ್‌ಇ ಆಯುರ್ವೇದ ಕಾಲೇಜ್ ಐತಿ. ನೆಹರು ನಗರದಾಗ ಐಸಿಎಂಆರ್‌ನವರ ಪಾರಂಪರಿಕ ವೈದ್ಯದ ರಾಷ್ಟ್ರೀಯ ಸಂಸ್ಥೆ 2006ರಿಂದ ಐತಿ. ಖಾನಾಪುರ ದಾಟಿದ್ರ ಘಟ್ಟ, ಗಿಡಮೂಲಿಕೆಗೇನು ಕಡಿಮಿ? ಆದ್ರ ನಾ ಹೋಗಿದ್ದು ಇವೆರಡೂ ಕಡೆ ಅಲ್ಲ, ಒಂದು ಬಾಡಿಗಿ ಹಾಲಿಗೆ. ಕೊರಳಾಗ ಹೆಸರಿನ ಪಟ್ಟಿ, ಕೈಯಾಗ ಒಂದು ಪಿಶವಿ, ಅದರಾಗ ಪೆನ್ನು, ನೋಟ್‌ಬುಕ್ಕು. ಪಾರ್ಲರ್ ನಡಸೂ ಹೆಣ್ಣಮಕ್ಕಳು, ಯೋಗ ಕಲಸೂ ಟೀಚರು, ಇಬ್ಬರು ಆಯುರ್ವೇದ ಡಾಕ್ಟರು, ನರ್ಸ್ ಬಾಯಿಯವರು, ಉಳಿದವ್ರೆಲ್ಲಾ ಎಣ್ಣಿ ಮಾರೂ ಮಂದಿ. ಭಾಷಣ ಹಿಂದಿ, ಇಂಗ್ಲಿಷ್‌ನ್ಯಾಗ. ನಮ್ಮಂಥಾವ್ರು ಹಿಂದಿನ ಸಾಲಿನ್ಯಾಗ ಒಬ್ಬರಿಗೊಬ್ಬರು ಕನ್ನಡ, ಮರಾಠಿ ಮಾಡಿ ಹೇಳಕೋತ ಕೂತಿದ್ವಿ.

ಇನ್ನೊಂದು ವಿಷಯ ಮೊದಲ ಹೇಳಬೇಕು. ಖಾನಾಪುರದ ತವರಮನ್ಯಾಗ ಅಣ್ಣನ ಮಗಳ ಬಾಣಂತನ ನಡದೈತಿ. ಕೂಸಿಗೆ ನಲವತ್ತು ದಿನ. ಎರೆಯೂದು ನಮ್ಮ ಅವ್ವ. ಶನಿವಾರ ಮುಂಜಾನಿ ವೈನಿ ಫೋನ್ ಮಾಡಿ, "ಕೂಸಿಗೆ ನೆಗಡಿ ಆಗೇತಿ, ಮೂಗು ಕಟ್ಟಿ ರಾತ್ರಿಯೆಲ್ಲಾ ಕಿರಿಕಿರಿ, ನಿನ್ನ ಕಡೆ ಚಲೋ ನೀಲಗಿರಿ ಎಣ್ಣಿ ಇದ್ರ ತಗೊಂಬಾ" ಅಂದಿದ್ಲು. ಆ ಮಾತು ತಲ್ಯಾಗ ಇಟ್ಕೊಂಡ ಹಾಲಿನ್ಯಾಗ ಕೂತಿದ್ದೆ.

ಮೊದಲನೇ ಭಾಷಣ ಅರೋಮಾಥೆರಪಿ ಅನ್ನೋ ಶಬ್ದ ಹುಟ್ಟಿಸಿದವನ ಬಗ್ಗೆ. ರೆನೆ ಮೋರಿಸ್ ಗಾಟ್‌ಫೊಸ್ಸೆ ಅಂತ ಫ್ರಾನ್ಸಿನ ರಸಾಯನಶಾಸ್ತ್ರಜ್ಞ. 1910ರಾಗ ಅವನ ಪ್ರಯೋಗಶಾಲಿಯೊಳಗ ಕೈ ಸುಟ್ಟಿತು. 1937ರಾಗ ಇದೇ ಹೆಸರಿನ ಪುಸ್ತಕ ಬರದಾ. ಕೈ ಸುಟ್ಟ ಕೂಡಲೆ ಲ್ಯಾವೆಂಡರ್ ಎಣ್ಣ್ಯಾಗ ಅದ್ದಿದ, ಚಮತ್ಕಾರ ಆದಂಗ ಆರಾಮ ಆತು ಅಂತ ಎಲ್ಲಾರೂ ಕಥಿ ಹೇಳತಾರ. ಅವನು ಬರದಿದ್ದು ಬ್ಯಾರೆ. ಗಾಯ ಕೆಟ್ಟು ಕೊಳಿಯಾಕ ಹತ್ತಿದ ಮ್ಯಾಲ ಲ್ಯಾವೆಂಡರಿನಿಂದ ತೊಳದಾ. ಇದನ್ನ ಯಾಕ ಹೇಳತೇನಂದ್ರ, ನಾಳೆ ಯಾರರೆ ಕೈ ಸುಟ್ಕೊಂಡು ಎಣ್ಣಿ ಬಾಟ್ಲಿ ಹುಡುಕಬಾರದು. ನಳದ ನೀರಾಗ 20 ನಿಮಿಷ ಹಿಡೀರಿ, ಆಮ್ಯಾಲ ಉಳಿದದ್ದು.

ನನಗ ಎರಡೂ ದಿನದಾಗ ಬಂಗಾರದಂಥಾ ಹೊತ್ತು ಅಂದ್ರ ಊಟ ಆದ ಮ್ಯಾಲಿಂದು. ಹಾಲಿನ ಹಿಂದಿನ ಅಂಗಳದಾಗ ಗವತಿ ಚಾದ ಹುಲ್ಲಿನಿಂದ ಎಣ್ಣಿ ತಗದು ತೋರಿಸಿದ್ರು. ನಮ್ಮ ಹಿತ್ತಲದಾಗ ಇರೂದ ಅದು, ಮಜ್ಜಿಗಿ ಹುಲ್ಲು ಅಂತೀರಲ್ಲ. ಹತ್ತು ಕಿಲೋ ಹಸಿ ಹುಲ್ಲು ಕತ್ತರಿಸಿ ದೊಡ್ಡ ಹಂಡ್ಯಾಗ ಜಾಳಿಗಿ ಮ್ಯಾಲ ತುಂಬಿದ್ರು. ತಳಕ್ಕ ನೀರು, ಮ್ಯಾಲ ಬಿಗಿ ಮುಚ್ಚಳ, ಮುಚ್ಚಳದಿಂದ ಒಂದು ಕೊಳವಿ, ಆ ಕೊಳವಿ ತಣ್ಣೀರಿನ ಡ್ರಮ್ಮಿನೊಳಗ ಸುತ್ತಿ ಹೊರಗ ಬರತೈತಿ. ಇಡ್ಲಿ ಬೇಯಿಸಿದಂಗ ಹುಲ್ಲು ಉಗಿಯಾಗ ಬೇಯತೈತಿ. ಉಗಿ ವಾಸನಿ ಹೊತ್ಕೊಂಡು ಹೋಗಿ ತಣ್ಣಗಾಗಿ ನೀರಾಗಿ ತೊಟ್ಟಿಕ್ಕತೈತಿ, ನೀರಿನ ಮ್ಯಾಲ ಹಳದಿ ಎಣ್ಣಿ ತೇಲತೈತಿ. ಎರಡು ತಾಸು ಕಾದ್ವಿ. ಇಡೀ ಅಂಗಳ ಮಳಿಗಾಲದ ಚಾದಂಗ ಘಮಾಡಸಾಕ ಹತ್ತಿತ್ತು.

ಕಡೀಕ ಬಂದ ಎಣ್ಣಿ ಎಷ್ಟು ಗೊತ್ತೇನು? 50 ಎಂಎಲ್ ತುಂಬಲಿಲ್ಲ. ಕೆಮ್ಮಿನ ಔಷಧದ ಸಣ್ಣ ಬಾಟ್ಲಿಯಷ್ಟು.

ಅಲ್ಲೇ ನಿಂತು ನೋಟ್‌ಬುಕ್ಕಿನ್ಯಾಗ ಲೆಕ್ಕ ಹಾಕಿದೆ. ಒಂದು ಎಂಎಲ್‌ಗೆ ಸುಮಾರು 20 ಹನಿ. ಹತ್ತು ಕಿಲೋ ಹುಲ್ಲಿಗೆ 50 ಎಂಎಲ್ ಅಂತ ಹಿಡದ್ರೂ ಒಂದು ಹನಿಗೆ ಹತ್ತು ಗ್ರಾಂ ಹುಲ್ಲು. ಅಂದ್ರ ಮನೀಮಂದಿಗೆಲ್ಲಾ ಚಾ ಮಾಡಾಕ ನಾವು ಹಾಕೋ ಮೂರು ನಾಲ್ಕು ಉದ್ದನ್ನ ಎಲಿ. ಒಂದು ಹನಿ ಅಂದ್ರ ಒಂದು ಪಾತೇಲಿ ಚಾ! ಹತ್ತು ಹನಿ ಕೈಮ್ಯಾಲ ಸುರಕೊಂಡ್ರ ಹತ್ತು ಪಾತೇಲಿ ಚಾದ ಸತ್ವ ಒಮ್ಮೆಲೆ ಚರ್ಮದ ಮ್ಯಾಲ ಕುಂತಂಗ. ಕಾಕು ಹೇಳಿದ ಮಾತು ಇಲ್ಲಿ ಮುರೀತು ನೋಡ್ರಿ. ಅವರ ಅತ್ತಿ ಎಲಿ ಹಾಕತಿದ್ರು, ಹೂ ಹಾಕತಿದ್ರು, ಕಾಳು ಹುರದು ಅರಿವ್ಯಾಗ ಕಟ್ಟತಿದ್ರು. ಬಾಟ್ಲ್ಯಾಗ ಬರೂದು ಅದಲ್ಲ. ವಾಸನಿ ಒಂದೇ ಇದ್ರೂ ಜೋರು ಬ್ಯಾರೆ.

ಅದಕ್ಕ ನಮ್ಮ ಮೇಡಂ ಕಲಿಸಿದ ಪ್ರಮಾಣ ನಿಮಗೂ ಹೇಳತೇನಿ, ಕ್ಯಾಲೆಂಡರಿನ ಹಿಂದ ಬರಕೋರಿ. ಎರಡು ಚಾ ಚಮಚಾ ಕೊಬ್ಬರಿ ಎಣ್ಣಿಗೆ ಅಥವಾ ಎಳ್ಳೆಣ್ಣಿಗೆ ನಾಲ್ಕು ಹನಿ. ಮಾರಿಗಾದ್ರ ಎರಡು. ನಿಂಬಿ ಸಿಪ್ಪಿ ಹಿಂಡಿ ತಗದ ಎಣ್ಣಿ ಹಚ್ಕೊಂಡು ಬಿಸಿಲಿಗೆ ಹೋಗಬ್ಯಾಡ್ರಿ, ಚರ್ಮ ಸುಟ್ಟು ಕಪ್ಪಾಕ್ಕೈತಿ. ಬಸರಿ ಹೆಣ್ಣಮಕ್ಕಳು ಡಾಕ್ಟರನ್ನ ಕೇಳದ ಒಂದು ಹನಿನೂ ಹಚ್ಕೋಬಾರದು. ಹೊಟ್ಟಿಗೆ ಅಂತೂ ಯಾರಿಗೂ ಬ್ಯಾಡ.

ಹೊಟ್ಟಿ ಮಾತು ಬಂತಂತ ಹೇಳತೇನಿ. ಒಬ್ಬಾಂವ ಸ್ಟೇಜಿನ ಮ್ಯಾಲ ನಿಂತು, ದಿನಾ ನಾಲ್ಕು ಹನಿ ನೀರಾಗ ಹಾಕಿ ಕುಡದ್ರ ಸಕ್ರಿ ಬ್ಯಾನಿ ಇಳೀತೈತಿ ಅಂದಾ. ನನ್ನ ಮುಂದಿನ ಸಾಲಿನ ನರ್ಸ್ ಬಾಯಿ ಎದ್ದು, "ಹಂಗಾದ್ರ ಗುಳಗಿ ಬಿಡಬೇಕೇನ್ರಿ?" ಅಂತ ಕೇಳಿದ್ರು. ಅದಕ್ಕ ಉತ್ತರ ಬರಲಿಲ್ಲ, "ನಮ್ಮ ಸ್ಟಾಲಿಗೆ ಬರ್ರಿ, ಮಾತಾಡೋಣ" ಅಂತ ಬಂತು. ಕಣ್ಣ ಮುಂದ ಎಣ್ಣಿ ನೀರಿನ ಮ್ಯಾಲ ತೇಲಿದ್ದು ನೋಡೇವಿ. ನೀರಾಗ ಕೂಡದ್ದು ಗಂಟಲದಾಗ ಸುಡಲಾರದ ಇರತೈತೇನು?

ಸ್ಟಾಲು ನೋಡಾಕ ಛಂದ ಇದ್ವು. ಒಂದರಾಗ 10 ಎಂಎಲ್ "ಶುದ್ಧ ಚಂದನದ ಎಣ್ಣಿ" 350 ರೂಪಾಯಿ. ಖರೇ ಚಂದನದ ಎಣ್ಣಿ ಕಿಲೋಕ್ಕ ಲಕ್ಷದ ಮ್ಯಾಲ ಐತಿ. ಬರೇ ಒಂದು ಲಕ್ಷ ಅಂತ ಹಿಡದ್ರೂ ಆ ಬಾಟ್ಲಿಗೆ ಸಾವಿರದ ಹತ್ತರ ಬರಬೇಕು. ಕೇಳಿದ್ರ "ಇವತ್ತ ಆಫರ್ ಐತಿ ಬಾಯಿ" ಅಂದಾ. ಚಂದನ ನಮ್ಮ ನಾಡಿನ ಮಾಲು. ಮೊದಲನೇ ಮಹಾಯುದ್ಧದಾಗ ಕಟ್ಟಿಗಿ ಯುರೋಪಿಗೆ ಹೋಗೂದು ನಿಂತಾಗ 1916ರಾಗ ಮೈಸೂರು ಸಂಸ್ಥಾನ ತಾನ ಎಣ್ಣಿ ತಗ್ಯಾಕ ಸುರು ಮಾಡಿತು. ಮೈಸೂರ್ ಸ್ಯಾಂಡಲ್ ಸಾಬೂನು ಬಂದದ್ದು ಅದರ ಬೆನ್ನಿಗೆ. ಅಂಥಾ ಚಂದನಕ್ಕ ಆಫರ್ ಅಂತ! ನಾ ಕೊಂಡದ್ದು ಬಾಳದ ಬೇರಿನ ಒಂದು ಕಟ್ಟು. ಅದು ಈಗ ನೀರಿನ ಗಡಿಗ್ಯಾಗ ಐತಿ.

ರವಿವಾರ ಮಧ್ಯಾಹ್ನ ಕಡೇ ಭಾಷಣ ಮಕ್ಕಳ ಡಾಕ್ಟರ್ ಬಾಯಾರದು. ಮಂದಿ ಅರ್ಧ ಎದ್ದು ಹೋಗಿದ್ರು. ಅವರು ಪರದೆ, ಚಿತ್ರ ಏನೂ ಇಲ್ಲದ, "ಕೂಸಿನ ಎಣ್ಣ್ಯಾಗ ಕರ್ಪೂರ ಹಾಕೋ ಮನಿ ಯಾರ್ಯಾರದು?" ಅಂತ ಕನ್ನಡದಾಗ ಕೇಳಿದ್ರು. ಅರ್ಧಕ್ಕಿಂತ ಹೆಚ್ಚು ಕೈ ಎದ್ದವು. ಅವರು ಬೈಲಿಲ್ಲ. ಕರ್ಪೂರ ಚರ್ಮದಿಂದಲೂ ಒಳಗ ಇಳೀತೈತಿ, ಕೂಸಿನ ಚರ್ಮ ತೆಳು, ಒಳಗ ಹೋದದ್ದನ್ನ ಕರಗಿಸೋ ಶಕ್ತಿ ಅದರ ಯಕೃತ್ತಿಗೆ ಇನ್ನೂ ಬಂದಿರೂದಿಲ್ಲ, ಹೆಚ್ಚಾದ್ರ ಫಿಟ್ಸ್ ಬರತಾವ ಅಂದ್ರು. ನೀಲಗಿರಿ ಎಣ್ಣಿ ಒಂದು ಚಮಚಾ ಸಣ್ಣ ಮಗು ಕುಡದ್ರ ಜೀವಕ್ಕ ಕುತ್ತು ಅಂದ್ರು. ಮೂಗಿನ ಹತ್ತರ ಹಚ್ಚಿದ್ರೂ ಆ ಘಾಟಿಗೆ ಎಳೇ ಕೂಸಿನ ಉಸಿರು ಗಕ್ಕನ ನಿಲ್ಲಬಹುದಂತ. ಬಟ್ಟಿ ನಡುವ ಇಡೂ ಡಾಂಬರ ಗುಳಗಿನೂ ಹಂಗ. ಕೆಲವು ಕೂಸಿನ ರಕ್ತ ಅದರಿಂದ ಒಡದು ಕಾಮಾಲಿ ಆಕ್ಕೈತಿ, ಟ್ರಂಕಿನಿಂದ ತಗದ ಹಳೇ ಕುಂಚಿಗಿ ತೊಳದು ಬಿಸಿಲಿಗೆ ಹಾಕದ ತೊಡಸಬ್ಯಾಡ್ರಿ ಅಂದ್ರು.

ನನ್ನ ಚೀಲದಾಗ ವೈನಿಗಂತ ತಗದಿಟ್ಟ ನೀಲಗಿರಿ ಬಾಟ್ಲಿ ಇತ್ತು. ಅದನ್ನ ಅಲ್ಲೇ ನಮ್ಮ ಮೇಡಂ ಕೈಯಾಗ ಕೊಟ್ಟು ಬಸ್‌ಸ್ಟ್ಯಾಂಡಿಗೆ ನಡದೆ.

ಖಾನಾಪುರ ಬರೇ 26 ಕಿಲೋಮೀಟರ್. ಪೀರನವಾಡಿ ದಾಟೂದ್ರಾಗ ಮಳಿ ಹಿಡೀತು. ದಾರಿತುಂಬಾ ಒಂದೇ ವಿಚಾರ, ಅವ್ವಗ ಹೆಂಗ ಹೇಳೂದು? ನಮ್ಮ ಗಲ್ಲ್ಯಾಗ ಯಾರ ಮನ್ಯಾಗ ಕೂಸು ಹುಟ್ಟಿದ್ರೂ ಎರೆಯಾಕ ಅವ್ವನ್ನ ಕರೀತಾರ, ಕನ್ನಡದವರು, ಮರಾಠಿಯವರು ಅಂತಿಲ್ಲ. ಎಪ್ಪತ್ತೆರಡು ವಯಸ್ಸಿನ್ಯಾಗ ಆಕಿಗೆ ಇರೂ ಮಾನ ಅದೊಂದು. ನಾಲ್ಕು ಮಂದ್ಯಾಗ ಮಗಳು ಎದ್ದು "ನೀ ಮಾಡೂದು ತಪ್ಪು" ಅಂದ್ರ ಆಕಿ ಕೈ ನಡಗತಾವ. ಹೇಳಲಿಲ್ಲಂದ್ರ ಕೂಸು.

ಹೋಗಿ ನೋಡಿದ್ರ ಬಾಣಂತಿ ಖೋಲಿ ಕಿಟಕಿ ಮುಚ್ಚಿ ಧೂಪದ ಹೊಗಿ ತುಂಬೈತಿ, ಬಳ್ಳೊಳ್ಳಿ ಸಿಪ್ಪಿ, ಅಜವಾನ. ವಾಟಗದಾಗ ಬಿಸಿ ಕೊಬ್ಬರಿ ಎಣ್ಣಿ, ಅದರಾಗ ಎರಡು ಕರ್ಪೂರ ಕರಗಾಕತ್ತಿದ್ವು. "ಕೂಸನ್ನ ನನ್ನ ಕಡೆ ಕೊಡವ್ವಾ, ಭಾಳ ದಿನ ಆತು" ಅಂತ ಎತ್ಕೊಂಡು ಪಡಸಾಲಿಗೆ ತಂದೆ. ಹಾಲು ಕುಡ್ಯಾಕತ್ತಿತ್ತು, ಎದಿ ಜಗ್ಗತಿರಲಿಲ್ಲ, ಅಷ್ಟು ಧೈರ್ಯ ಇತ್ತು. ವೈನಿ ಬಾಟ್ಲಿ ಕೇಳಿದ್ಲು. "ಇಲ್ಲ ವೈನಿ, ಮುಂಜಾನಿ ಡಾಕ್ಟರಿಗೆ ತೋರಿಸೂಣು" ಅಂದೆ.

ಎಲ್ಲಾರೂ ಮಲಗಿದ ಮ್ಯಾಲ ಅವ್ವನ ಹಾಸಿಗಿ ಬಾಜೂಕ ಕೂತು ತಗದೆ. ಆಕಿ ಪೂರಾ ಕೇಳಿ ಅಂದ್ಲು, "ನಲವತ್ತ ವರ್ಷ ಎರೆದೇನಿ, ಒಂದ ಕೂಸಿಗರೆ ಏನರೆ ಆಗೇತೇನು?"

"ಎಲ್ಲಾ ಕೂಸಿಗೂ ಆಗೂದಿಲ್ಲವ್ವಾ. ಫಿಟ್ಸ್ ಬಂದ ಕೂಸಿನ್ನ ದವಾಖಾನಿಗೆ ಒಯ್ದಾಗ ಏನ ಎಣ್ಣಿ ಹಚ್ಚೀರಿ ಅಂತ ಯಾರು ಕೇಳತಾರ?"

"ನಿಮ್ಮ ಡಾಕ್ಟರ್ ಬಾಯಿ ಎಷ್ಟ ಕೂಸಿಗೆ ಎರೆದಾಳ?"

ವಿಕ್ಸ್ ಡಬ್ಬಿ ತಂದು, ಎರಡು ವರ್ಷದ ಒಳಗಿನ ಮಕ್ಕಳಿಗಲ್ಲ ಅನ್ನೋ ಸಣ್ಣ ಅಕ್ಷರ ಓದಿ ಹೇಳಿದೆ. ಅದರಾಗೂ ಕರ್ಪೂರ, ನೀಲಗಿರಿ ಅದಾವ ಅಂದೆ. "ಅದು ಇಂಗ್ಲಿಷ್ ಔಷಧ, ಇದು ದೇವರಿಗೆ ಬೆಳಗೂದು" ಅಂದ್ಲು. ಆಗ ಕ್ಲಾಸಿನ್ಯಾಗ ಕಲಿತಿದ್ದು ನೆನಪಾತು. ಈಗ ಅಂಗಡ್ಯಾಗ ಸಿಗೂ ಕರ್ಪೂರ ಮೊದಲಿನಂಗ ಗಿಡದ ಕಟ್ಟಿಗಿಯಿಂದ ಇಳಿಸಿದ್ದಲ್ಲ, ಹೆಚ್ಚೂ ಕಡಿಮಿ ಎಲ್ಲಾ ಫ್ಯಾಕ್ಟರ್‍ಯಾಗ ಟರ್ಪೆಂಟೈನಿನಿಂದ ಮಾಡಿದ್ದು.

"ಯಾವ ಟರ್ಪೆಂಟೈನ? ಬಣ್ಣದವರು ಕುಂಚ ತೊಳೀತಾರಲ್ಲ, ಅದಾ?"

"ಅದ."

ಅವ್ವ ಎದ್ದು ಕೂತ್ಲು. ಹೋದ ದೀಪಾವಳಿಗೆ ಮನಿಗೆ ಬಣ್ಣ ಹಚ್ಚಿದಾಗ ಆ ವಾಸನಿಗೆ ಎರಡು ದಿನ ತಲಿ ಹಿಡಕೊಂಡು ಮಲಗಿದಾಕಿ. ಮುಂದ ಏನೂ ಮಾತಾಡಲಿಲ್ಲ. ದೀಪ ಆರಿಸು ಅಂದ್ಲು.

ಸೋಮವಾರ ಖಾನಾಪುರದಾಗ ಡಾಕ್ಟರಿಗೆ ತೋರಿಸಿದ್ವಿ. ಸಾದಾ ನೆಗಡಿ, ಮೂಗಿಗೆ ಉಪ್ಪುನೀರಿನ ಡ್ರಾಪ್ಸ್ ಸಾಕು, ಹಾಲು ಬಿಟ್ರ, ಉಸಿರು ಜೋರಾದ್ರ, ಮೈ ಬಿಸಿಯಾದ್ರ ಆ ಕ್ಷಣಕ್ಕ ತಗೊಂಬರ್ರಿ ಅಂದ್ರು. ಮನಿಗೆ ಬಂದು ಅವ್ವ ಬರೇ ಕೊಬ್ಬರಿ ಎಣ್ಣಿ ಬೆಚ್ಚಗ ಮಾಡಿ, ಯಾರ ಮಾರಿನೂ ನೋಡದ, ಕಾಲ ಮ್ಯಾಲ ಕೂಸು ಹಾಕೊಂಡು ಎರೆದ್ಲು. ಆ ಕೈ ನೋಡಬೇಕ್ರಿ ನೀವು. ಯಾವ ಸಮ್ಮೇಳನದಾಗೂ ಅಂಥಾ ಕೈ ನಾ ನೋಡಲಿಲ್ಲ.

ಮೊನ್ನೆ ವೈನಿ ಫೋನ್ ಮಾಡಿ ನಗಾಕ ಹತ್ತಿದ್ಲು. ಮೂರನೇ ಮನ್ಯಾಗ ಇನ್ನೊಂದು ಕೂಸು ಹುಟ್ಟೇತಿ. ಅವ್ವ ಎರೆಯಾಕ ಹೋದಾಗ ಆ ಮನಿ ಅತ್ತಿ ಎಣ್ಣಿಗೆ ಕರ್ಪೂರ ಹಾಕಾಕ ಹೋಗ್ಯಾರ. "ದೇವರ ಮುಂದ ಇಡ ಅದನ್ನ. ಬಣ್ಣದ ಎಣ್ಣಿ ಅದು, ಕೂಸಿಗೆ ಹಚ್ಚತಾರೇನು?" ಅಂತ ಅವ್ವ ಜಬರಿಸಿ ಬಂದಾಳಂತ. ಡಾಕ್ಟರ್ ಬಾಯಾರ ಹೆಸರಿಲ್ಲ, ನನ್ನ ಹೆಸರಂತೂ ಇಲ್ಲವ ಇಲ್ಲ.

ಧೂಪ ಮಾತ್ರ ಇನ್ನೂ ನಡದೈತಿ. ಕಿಟಕಿ ತಗದು ಬಾಜೂ ಖೋಲ್ಯಾಗ ಇಡತಾಳಂತ, ಅಷ್ಟಕ್ಕ ಬಂದೈತಿ. ಪಂಚಮಿಗೆ ಹೋದಾಗ ಆ ಮಾತು ತಗೀಬೇಕು.