ರೇಷ್ಮೆಯ ಹೆಸರಿನ ಬಡಾವಣೆಗಳಲ್ಲಿ ಒಂದೆಳೆ ರೇಷ್ಮೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ರೇಷ್ಮೆಯ ಹೆಸರನ್ನು ಹೊತ್ತ ಎರಡು ಸ್ಥಳಗಳು ಎಲ್ಲರಿಗೂ ಪರಿಚಿತ. ಒಂದು, ಜಯನಗರಕ್ಕೂ ಬಸವನಗುಡಿಗೂ ನಡುವೆ, ಯಡಿಯೂರಿನ ಮಗ್ಗುಲಲ್ಲಿರುವ ಟಾಟಾ ಸಿಲ್ಕ್ ಫಾರಂ. ಇನ್ನೊಂದು, ಹೊಸೂರು ರಸ್ತೆಯ ಸಿಲ್ಕ್ ಬೋರ್ಡ್ ವೃತ್ತ. ಮೊದಲನೆಯದರಲ್ಲಿ ಇಂದು ಹಿಪ್ಪುನೇರಳೆಯ ತೋಟವಿಲ್ಲ. ಎರಡನೆಯದರ ಹೆಸರೆತ್ತಿದರೆ ನಗರದ ಜನಕ್ಕೆ ನೆನಪಾಗುವುದು ರೇಷ್ಮೆಯಲ್ಲ, ವಾಹನಗಳ ಸಾಲು. ಇವೆರಡರ ನಡುವೆ, ಜೆ.ಪಿ. ನಗರದ ಒಂದು ಮನೆಯಲ್ಲಿ, ಗೃಹಿಣಿಯೊಬ್ಬರಿಗೆ ಹೊಲಿಗೆಗೆಂದು ನವುರಾದ ಅಪ್ಪಟ ರೇಷ್ಮೆಯ ದಾರ ಬೇಕಾಯಿತು.

ಬೇಕಾದುದಕ್ಕೆ ಕಾರಣವಿತ್ತು. ತೀರಿಕೊಂಡ ಅತ್ತೆಯವರ ಪೆಟ್ಟಿಗೆಯಲ್ಲಿ ಐದು ರೇಷ್ಮೆ ಸೀರೆಗಳು ಉಳಿದಿದ್ದವು. ಮಡಿಕೆಯ ಗೆರೆಗಳಲ್ಲೆಲ್ಲ ಬಟ್ಟೆ ಸೀಳಿತ್ತು. ಉಡುವಂತಿರಲಿಲ್ಲ, ಕೊಡುವಂತಿರಲಿಲ್ಲ, ಎಸೆಯಲು ಮನಸ್ಸೂ ಬಾರದು. ಪರದೇಶಕ್ಕೆ ಹೊರಟುನಿಂತ ಮಗಳು, “ಅಮ್ಮಾ, ಅಜ್ಜಿಯ ಸೀರೆಗಳನ್ನೆಲ್ಲ ಸೇರಿಸಿ ಒಂದು ಕೌದಿ ಮಾಡಿಕೊಡು” ಎಂದಳು. ತಾಯಿ ಒಪ್ಪಿ, ಸೀಳದ ಭಾಗಗಳನ್ನು ಚೌಕವಾಗಿ ಕತ್ತರಿಸಿ, ಮನೆಯಲ್ಲಿದ್ದ ಪಾಲಿಯೆಸ್ಟರ್ ದಾರದಿಂದ ಹೊಲಿಗೆಯ ಯಂತ್ರದಲ್ಲಿ ಒಂದು ಸಾಲು ಹೊಲಿದರು. ಸೂಜಿ ಹೊಕ್ಕಲ್ಲೆಲ್ಲ ರಂಧ್ರ. ಸ್ವಲ್ಪ ಎಳೆದೊಡನೆ ಹೊಲಿಗೆಯ ಗುಂಟ ಬಟ್ಟೆ ಹರಿಯಿತು. ಕತ್ತರಿಸಿದ ಮೇಲೆ ಹಿಂದಿರುಗುವಂತಿಲ್ಲ. ಸೀರೆಗಳು ಐದೇ.

ಕರ್ನಾಟಕದಲ್ಲಿ ಕೌದಿ ಹೊಸ ಮಾತಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ಕೈಯಿಂದಲೇ ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಡೆಯ ಸಿದ್ದಿ ಮಹಿಳೆಯರು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿನವರೆಗೆ ಹೊಲಿಗೆ ನಡೆಸಿ, ಕೊನೆಗೆ ನಾಲ್ಕು ಮೂಲೆಗಳಿಗೂ ಮಡಿಸಿದ ತ್ರಿಕೋನದ ತುಂಡುಗಳನ್ನು ಸೇರಿಸುತ್ತಾರೆ. ಅದನ್ನು ಅವರು ‘ಫೂಲ’, ಎಂದರೆ ಹೂವು, ಎನ್ನುತ್ತಾರೆ. ಹೂವಿಲ್ಲದ ಕೌದಿ ಬತ್ತಲೆಯೆಂದೇ ಅವರ ಭಾವನೆ. ಆದರೆ ಅವೆಲ್ಲ ಬಹುಮಟ್ಟಿಗೆ ಹತ್ತಿಯ ಬಟ್ಟೆ, ಹತ್ತಿಯ ದಪ್ಪ ದಾರ. ಜೀರ್ಣವಾದ ರೇಷ್ಮೆಯ ಮಾತೇ ಬೇರೆ. ಅದಕ್ಕೆ ಸಣ್ಣ ಸೂಜಿ ಬೇಕು. ಸಣ್ಣ ಸೂಜಿಯ ಕಣ್ಣಿಗೆ ಹೋಗುವಷ್ಟು ಸಣ್ಣದಾಗಿ, ಬಟ್ಟೆಯೊಳಗೆ ಅಡಗಿಬಿಡುವಷ್ಟು ಮೃದುವಾಗಿ ದಾರವೂ ಇರಬೇಕು. ಪರದೇಶಗಳಲ್ಲಿ ಕೌದಿ ಹೊಲಿಯುವವರು ಇದಕ್ಕೆಂದೇ 100ನೆಯ ನಂಬರಿನ ರೇಷ್ಮೆ ದಾರವನ್ನು ಬಳಸುತ್ತಾರೆ. ನಂಬರು ಹೆಚ್ಚಿದಷ್ಟೂ ದಾರ ಸಣ್ಣ.

ಗೃಹಿಣಿ ಜಯನಗರ ನಾಲ್ಕನೆಯ ಬ್ಲಾಕಿಗೆ ನಡೆದರು. 1948ರಲ್ಲಿ ಆರಂಭವಾದ ಈ ಬಡಾವಣೆಯ ಅಂಗಡಿಬೀದಿಯಲ್ಲಿ ಸೂಜಿಯಿಂದ ಹಿಡಿದು ಸೀರೆಯವರೆಗೆ ದೊರೆಯದ ವಸ್ತುವಿಲ್ಲವೆಂದು ಪ್ರತೀತಿ. ಅಂಗಡಿಯವನು ನೂರು ಬಣ್ಣಗಳ ರೀಲುಗಳ ಪೆಟ್ಟಿಗೆಯನ್ನೇ ಮುಂದಿಟ್ಟು, “ಸಿಲ್ಕ್ ಥ್ರೆಡ್ ಅಮ್ಮಾ, ಬಳೆ ಸುತ್ತೋಕೆ, ಕುಚ್ಚು ಕಟ್ಟೋಕೆ ಎಲ್ಲರೂ ಇದನ್ನೇ ಒಯ್ಯೋದು” ಎಂದ. ಹೊಳಪೇನೋ ಕಣ್ಣು ಕೋರೈಸುವಂತಿತ್ತು. ಮನೆಗೆ ತಂದು ಒಂದು ತುಣುಕಿಗೆ ಬೆಂಕಿ ತಾಗಿಸಿದರೆ ಭಗ್ಗನೆ ಹತ್ತಿ, ಕಾಗದ ಸುಟ್ಟ ವಾಸನೆ ಬಂತು. ಅದು ರೇಯಾನ್. ನಿಜವಾದ ರೇಷ್ಮೆ ಹಾಗೆ ಉರಿಯುವುದಿಲ್ಲ. ಮೆಲ್ಲಗೆ ಸುಟ್ಟು, ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಪುಡಿಯಾಗುವ ಕರಿಯ ಬೂದಿಯನ್ನು ಉಳಿಸುತ್ತದೆ. ಪಾಲಿಯೆಸ್ಟರ್ ಆದರೋ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯವನು ಬೇಕೆಂದೇ ಮೋಸ ಮಾಡಿದನೆನ್ನಲಾಗದು. ಹೊಳೆಯುವುದನ್ನೆಲ್ಲ ‘ಸಿಲ್ಕ್’ ಎನ್ನುವುದು ಈಗ ವಾಡಿಕೆಯಾಗಿಬಿಟ್ಟಿದೆ.

ವಿಚಿತ್ರವೆಂದರೆ, ಈ ಅಂಗಡಿಬೀದಿಗೆ ಅನತಿದೂರದಲ್ಲೇ ಒಂದು ಕಾಲಕ್ಕೆ ಅಪ್ಪಟ ರೇಷ್ಮೆ ತಯಾರಾಗುತ್ತಿತ್ತು. ಮೈಸೂರು ಸೀಮೆಗೆ 18ನೆಯ ಶತಮಾನದ ಕೊನೆಯಲ್ಲಿ ಬಂಗಾಳದಿಂದ ಹುಳು ತರಿಸಿದವನು ಟಿಪ್ಪು ಸುಲ್ತಾನ. ಶತಮಾನ ಕಳೆಯುವಷ್ಟರಲ್ಲಿ ಆ ಕಸುಬು ಕಳೆಗುಂದಿತ್ತು. 1893ರಲ್ಲಿ ಜಪಾನನ್ನು ನೋಡಿಬಂದಿದ್ದ ಜಮ್‌ಷೇಟ್‌ಜಿ ಟಾಟಾ, ಅಲ್ಲಿಯ ಕ್ರಮದಲ್ಲಿ ಹುಳು ಸಾಕುವ, ನೂಲು ತೆಗೆಯುವ ವಿಧಾನವನ್ನು ಇಲ್ಲಿಯವರಿಗೆ ಕಲಿಸಬೇಕೆಂದು ಬೆಂಗಳೂರಿನಲ್ಲಿ ಈ ತೋಟವನ್ನು ಸ್ಥಾಪಿಸಿದರು. ಜಪಾನೀ ತಜ್ಞರು ಬಂದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ ಮೈಸೂರು ಸರ್ಕಾರ ನೆರವು ನೀಡಿತು. ಮುಂದೆ ಆಡಳಿತ ಸಾಲ್ವೇಷನ್ ಆರ್ಮಿಯ ಕೈಗೆ ಹೋಯಿತು. ಊರು ಬೆಳೆಯಿತು, ತೋಟ ಬಡಾವಣೆಯಾಯಿತು. ಹೆಸರನ್ನಾದರೂ ಯಾರೂ ಬದಲಿಸಲಿಲ್ಲ, ಅದೇ ಪುಣ್ಯ.

ಇತ್ತ ಸಿಲ್ಕ್ ಬೋರ್ಡಿಗೆ ಹೋಗುವುದು ಈಗ ಮೊದಲಿನಷ್ಟು ಪ್ರಯಾಸದ್ದಲ್ಲ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಆರಂಭವಾದಂದಿನಿಂದ ಆರ್.ವಿ. ರಸ್ತೆಯಲ್ಲಿ ಹತ್ತಿದರೆ ರಾಗಿಗುಡ್ಡ, ಜಯದೇವ, ಬಿ.ಟಿ.ಎಂ. ಬಡಾವಣೆಗಳನ್ನು ದಾಟಿ ನಾಲ್ಕನೆಯ ನಿಲ್ದಾಣವೇ ಸಿಲ್ಕ್ ಬೋರ್ಡ್. 1948ರ ಶಾಸನದಂತೆ ಹುಟ್ಟಿದ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಅಲ್ಲಿದೆ. ನೂಲು ಬಿಚ್ಚಾಣಿಕೆ, ನೇಯ್ಗೆಗಳ ಸಂಶೋಧನೆ ನಡೆಸುವ, 1983ರಲ್ಲಿ ಸ್ಥಾಪನೆಯಾದ ಸಂಸ್ಥೆಯೂ ಅಲ್ಲೇ ಇದೆ. ಅಪ್ಪಟ ರೇಷ್ಮೆಯ ವಸ್ತುಗಳಿಗೆ 2004ರಿಂದ ದೊರೆಯುತ್ತಿರುವ ‘ಸಿಲ್ಕ್ ಮಾರ್ಕ್’ ಚೀಟಿಯ ಮೂಲವೂ ಈ ಮಂಡಳಿಯೇ. ಆದರೆ ಒಂದು ರೀಲು ದಾರ ಕೊಳ್ಳಲು ಅದು ಅಂಗಡಿಯಲ್ಲವಲ್ಲ!

ರೇಷ್ಮೆಯ ದಾರ ದಾರವಾಗುವ ಬಗೆಯನ್ನು ಅರಿತರೆ ಅದನ್ನು ಎಲ್ಲಿ ಹುಡುಕಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಉತ್ತಮ ತಳಿಯ ಒಂದು ಗೂಡಿನಿಂದ ಸುಮಾರು 1000 ಮೀಟರಿನಷ್ಟು ಎಳೆ ಬಿಚ್ಚಿಕೊಳ್ಳುತ್ತದೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ. ಎಂಟು ಹತ್ತು ಗೂಡುಗಳ ಎಳೆಗಳನ್ನು ಬಿಸಿನೀರಿನಲ್ಲಿ ಕೂಡಿಸಿದಾಗ ಕಚ್ಚಾ ರೇಷ್ಮೆಯ ಒಂದು ನೂಲು ಆಗುತ್ತದೆ. ಅಂತಹ ನೂಲು 9000 ಮೀಟರಿಗೆ 20ರಿಂದ 22 ಗ್ರಾಂ ತೂಗಿದರೆ ವ್ಯಾಪಾರದ ಭಾಷೆಯಲ್ಲಿ 20/22 ಡೆನಿಯರ್. ಅಂಥ ಒಂದೊಂದನ್ನು ಒಂದು ದಿಕ್ಕಿಗೆ ಹುರಿಗೊಳಿಸಿ, ಎರಡನ್ನು ಸೇರಿಸಿ ವಿರುದ್ಧ ದಿಕ್ಕಿಗೆ ಮತ್ತೆ ಹುರಿಗೊಳಿಸಿದರೆ ಹಾಸಿನ ನೂಲು. ಸಾಬೂನಿನ ನೀರಿನಲ್ಲಿ ಕುದಿಸಿ ಸೆರಿಸಿನ್ ಎಂಬ ಅಂಟನ್ನು ತೆಗೆಯುವಾಗ ತೂಕದಲ್ಲಿ ಕಾಲು ಭಾಗದಷ್ಟು ಹೋಗುತ್ತದೆ, ಹೊಳಪು ಬರುತ್ತದೆ. ಎಂದಮೇಲೆ ಸೀರೆ ನೇಯುವವನ ಮಗ್ಗದ ಮೇಲೆ, ಬಣ್ಣ ಕಟ್ಟಿ, ಹುರಿಗೊಂಡು ಸಿದ್ಧವಾಗಿರುವುದು ಹೊಲಿಗೆಗೆ ಹೊಂದುವ ದಾರವೇ ಅಲ್ಲವೆ?

ಹಳೆಯ ಸೀರೆಯ ಅಂಚಿನಿಂದಲೇ ಎಳೆ ಬಿಚ್ಚಿಕೊಳ್ಳಬಾರದೇಕೆ ಎಂದು ಕೇಳಬಹುದು. ಬಂಗಾಳದ ಕಾಂಥಾ ಹೊಲಿಯುವವರು ಹಾಗೆ ಮಾಡುತ್ತಿದ್ದುದುಂಟು. ಆದರೆ ಈ ಸೀರೆಗಳ ಎಳೆಗೂ ಬಟ್ಟೆಯಷ್ಟೇ ವಯಸ್ಸು. ಮೈಸೂರು ಕ್ರೇಪ್ ಆದರಂತೂ ಅತಿಯಾದ ಹುರಿಯಿಂದ ಬಿಚ್ಚಿದೊಡನೆ ಮುದುರಿಕೊಳ್ಳುತ್ತದೆ.

ಗೃಹಿಣಿ ಹಸಿರು ಮಾರ್ಗದ ರೈಲಿನಲ್ಲಿ ಚಿಕ್ಕಪೇಟೆಯಲ್ಲಿಳಿದು ಕಬ್ಬನ್‌ಪೇಟೆಯ ಓಣಿಗಳನ್ನು ಹೊಕ್ಕರು. ಮಗ್ಗದಲ್ಲಿ ಒಂದು ಹಾಸು ಮುಗಿದು ಕುಯ್ದಾಗ, ನೇಯಲಾಗದ ತುದಿಗಳು ಮೊಳ ಎರಡು ಮೊಳದಷ್ಟು ಉಳಿಯುತ್ತವೆ. “ಇದನ್ನಾ? ಇದರಿಂದ ಏನ್ ಮಾಡ್ತೀರಮ್ಮ?” ಎಂದು ನೇಕಾರ ನಕ್ಕ. ಕೈಹೊಲಿಗೆಗೆ ಬೇಕಾದುದು ಅಷ್ಟೇ ಉದ್ದ. ಅದಕ್ಕಿಂತ ಉದ್ದವಾದರೆ ಬಟ್ಟೆಯೊಳಗೆ ಹೋಗಿಬರುವಷ್ಟರಲ್ಲಿ ರೇಷ್ಮೆ ಜೂಲೇಳುತ್ತದೆ. ಒಂದು ಹಿಡಿ ತುದಿಗಳು ಹಾಗೆ ಮನೆಗೆ ಬಂದವು.

ಬಂದ ದಾರ ಬಣ್ಣ ಬಿಡುವುದೇ ಎಂದು ಮೊದಲು ಒದ್ದೆಯ ಬಿಳಿ ಬಟ್ಟೆಯ ಮೇಲೆ ಉಜ್ಜಿ ನೋಡಿದರು. ಕುಂಕುಮದ ಬಣ್ಣದ್ದು ಬಿಟ್ಟಿತು, ಅದನ್ನು ತೆಗೆದಿಟ್ಟರು. ಜೀರ್ಣವಾದ ತುಂಡುಗಳ ಅಡಿಗೆ ತೆಳು ಮಲ್ಲು ಬಟ್ಟೆಯ ಆಧಾರ ಕೊಟ್ಟು, 10ನೆಯ ನಂಬರಿನ ಸೂಜಿಯಲ್ಲಿ ಎರಡೆಳೆ ಸೇರಿಸಿ ಹೊಲಿದರು. ರೇಷ್ಮೆಯ ಗಂಟು ಜಾರುವುದರಿಂದ ಆರಂಭದಲ್ಲಿ ಗಂಟಿಗೆ ಬದಲು ಒಂದರ ಮೇಲೊಂದು ಎರಡು ಹಿನ್ನಡೆಯ ಹೊಲಿಗೆ. ಸೂಜಿಯಿಂದ ಕಳಚದಂತೆ ಕಣ್ಣಿನ ಬಳಿ ಸಣ್ಣ ಕುಣಿಕೆ. ಜರಿಯ ಮೇಲೆ ಹೊಲಿಗೆಯೇ ಇಲ್ಲ. ಸವೆದ ಜರಿ ಅರದಂತೆ ದಾರವನ್ನು ಕೊರೆಯುತ್ತದೆ. ರೇಷ್ಮೆ ಒದ್ದೆಯಾದಾಗ ಬಲಗುಂದುವುದರಿಂದ ಹಿಂಡಬಾರದು, ಬಿಸಿಲಿಗೂ ಹಾಕಬಾರದು, ಕ್ಲೋರಿನ್ ಸೋಕಿಸಲೇಬಾರದು ಎಂದು ಮಗಳಿಗೆ ಒಂದು ಚೀಟಿಯನ್ನೂ ಬರೆದಿಟ್ಟರು.

ಮೊದಲ ಸಾಲು ಎಳೆದುನೋಡಿದಾಗ ಬಟ್ಟೆ ಹರಿಯಲಿಲ್ಲ. ಮಗಳ ಪ್ರಯಾಣಕ್ಕೆ ಇನ್ನು ಹದಿನೆಂಟು ದಿನ. ನಡುವಿನ ಚೌಕಗಳು ಮುಗಿದಿವೆ. ಅಜ್ಜಿಯ ಧಾರೆ ಸೀರೆಯ ಸೆರಗಿನಿಂದ ಕತ್ತರಿಸಿದ ನಾಲ್ಕು ತ್ರಿಕೋನಗಳು ಮೂಲೆಗಳಿಗೆಂದು ಕಾದಿವೆ.